ಅಲಗಿನ ಹದ ಕೆಡದಿರಲಿ

ಮಲೆನಾಡಿನ ಒಂದು ಪಟ್ಟಣ. ಅಲ್ಲಿ ಬಡಗಿಯೊಬ್ಬರ ಮನೆಯನ್ನು ಊಹಿಸಿಕೊಳ್ಳಬಹುದು. ಬೆಳಗಿನ ಗಡಿಬಿಡಿಯಲ್ಲಿ ಐಟಿಐ ಕಲಿಯುತ್ತಿರುವ ಮಗ ಅಪ್ಪನ ಒಂದಂಗುಲದ ಉಳಿಯನ್ನು ಪಕ್ಕದ ವೆಲ್ಡಿಂಗ್ ಅಂಗಡಿಗೆ ಒಯ್ದು, ಎಮರಿ ಚಕ್ರಕ್ಕೆ ಹಿಡಿದು ತಂದ. ಕಿಡಿ ಹಾರಿತು. ಎರಡೇ ನಿಮಿಷದಲ್ಲಿ ಉಳಿಯ ಬಾಯಿ ಥಳಥಳ ಹೊಳೆಯತೊಡಗಿತು. ಆದರೆ ತುದಿಯಲ್ಲಿ ನವಿಲಿನ ಕತ್ತಿನಂಥ ನೀಲಿ ಬಣ್ಣ ಕಾಣಿಸಿಕೊಂಡಿತ್ತು. ಮಗನಿಗೆ ಅದು ಚೆಂದವೆನಿಸಿತು. ಅಪ್ಪನ ಮುಖ ಸಣ್ಣದಾಯಿತು. ಅದು ಅಜ್ಜನ ಕಾಲದ ಉಳಿ.

ಹಲಸಿನ ಹಲಗೆಯಲ್ಲಿ ಮಧ್ಯಾಹ್ನದೊಳಗೆ ನಾಲ್ಕು ತೂತು ಕೊರೆಯುವಷ್ಟರಲ್ಲಿ ಉಳಿಯ ಅಂಚು ಮಡಚಿಕೊಂಡಿತು. ‘ಹದ ಹೋಯ್ತು ಮಗಾ’ ಎಂದಷ್ಟೇ ಹೇಳಿ ಅಪ್ಪ ಬೇರೆ ಉಳಿ ಕೈಗೆತ್ತಿಕೊಂಡರು. ಹತ್ತನೇ ತರಗತಿಯ ಮಗಳು ಮಾತ್ರ ಸುಮ್ಮನಿರಲಿಲ್ಲ. ‘ಅಪ್ಪಾ, ಹದ ಅಂದ್ರೆ ಏನು? ಅದು ಹೋಗೋದು ಎಲ್ಲಿಗೆ?’ ಎಂದು ಕೇಳಿದಳು.

ಪ್ರಶ್ನೆ ಚಿಕ್ಕದು. ಆದರೆ ಸಾಣೆ ಯಂತ್ರ ಕೊಳ್ಳಲು ಹೊರಟ ಯಾವ ಮನೆಯವರೇ ಆಗಲಿ, ಅಂಗಡಿಗೆ ಹೋಗುವ ಮೊದಲು ಇದಕ್ಕೆ ಉತ್ತರ ತಿಳಿದಿರಬೇಕು.

ನೀಲಿ ಬಣ್ಣದ ಅರ್ಥ

ಉಳಿ, ಕತ್ತಿ, ಕೊಡಲಿಗಳಿಗೆ ಬಳಸುವ ಉಕ್ಕು ಎಂದರೆ ಕಬ್ಬಿಣದೊಳಗೆ ಅಲ್ಪ ಪ್ರಮಾಣದ ಇಂಗಾಲ ಸೇರಿದ ಮಿಶ್ರಣ. ಕಮ್ಮಾರ ಅದನ್ನು ಕುಲುಮೆಯಲ್ಲಿ ಸುಮಾರು 800 ಡಿಗ್ರಿ ಸೆಲ್ಸಿಯಸ್‌ವರೆಗೆ ಕೆಂಪಗೆ ಕಾಯಿಸಿ ಥಟ್ಟನೆ ನೀರಿಗೋ ಎಣ್ಣೆಗೋ ಅದ್ದುತ್ತಾನೆ. ಆಗ ಇಂಗಾಲದ ಪರಮಾಣುಗಳಿಗೆ ಹೊರಬರಲು ಸಮಯ ಸಿಗುವುದಿಲ್ಲ. ಕಬ್ಬಿಣದ ಹರಳುಗಳ ಒಳಗೇ ಸಿಕ್ಕಿಬಿದ್ದು ಅವುಗಳನ್ನು ಬಿಗಿಗೊಳಿಸುತ್ತವೆ. ಈ ರಚನೆಗೆ ಮಾರ್ಟೆನ್‌ಸೈಟ್ ಎಂದು ಹೆಸರು. ಇದು ಬಹಳ ಗಟ್ಟಿ, ಆದರೆ ಗಾಜಿನಂತೆ ಪೆಡಸು. ಆದ್ದರಿಂದ ಕಮ್ಮಾರ ಅದನ್ನು ಮತ್ತೆ 200 ಡಿಗ್ರಿಯ ಆಸುಪಾಸಿಗೆ ಹದವಾಗಿ ಕಾಯಿಸುತ್ತಾನೆ. ಗಟ್ಟಿತನ ಸ್ವಲ್ಪ ಇಳಿದು, ಬಾಳಿಕೆ ಬರುತ್ತದೆ. ಇದೇ ಹದ.

ಹೀಗೆ ಕಾಯುವಾಗ ಉಜ್ಜಿದ ಉಕ್ಕಿನ ಮೇಲೆ ಬಣ್ಣಗಳು ಸಾಲಾಗಿ ಮೂಡುತ್ತವೆ. ಸುಮಾರು 220–230 ಡಿಗ್ರಿಯಲ್ಲಿ ಒಣಹುಲ್ಲಿನ ಬಣ್ಣ, 255ರ ಹೊತ್ತಿಗೆ ಕಂದು, 280ರಲ್ಲಿ ನೇರಳೆ, 300ರ ಸುತ್ತಮುತ್ತ ನೀಲಿ. ಲೋಹದ ಮೇಲೆ ಕಟ್ಟುವ ಆಕ್ಸೈಡಿನ ಪದರ ಅತಿ ತೆಳು. ಅದರ ಮೇಲ್ಮೈಯಿಂದಲೂ ತಳದಿಂದಲೂ ಪ್ರತಿಫಲಿಸಿದ ಬೆಳಕಿನ ಅಲೆಗಳು ಒಂದಕ್ಕೊಂದು ಕೂಡಿ, ಕಳೆದು ಬಣ್ಣ ತೋರಿಸುತ್ತವೆ. ಮಳೆಗಾಲದಲ್ಲಿ ರಸ್ತೆಯ ಮೇಲೆ ಚೆಲ್ಲಿದ ಎಣ್ಣೆ ಕಾಮನಬಿಲ್ಲಾಗುವುದೂ ಇದೇ ಕಾರಣದಿಂದ.

ನೀಲಿ ಬಣ್ಣ ಸ್ಪ್ರಿಂಗಿಗೆ ಒಪ್ಪುವ ಹದ, ಉಳಿಗಲ್ಲ. ಅಜ್ಜನ ಉಳಿಯ ತುದಿ ಎಮರಿ ಚಕ್ರದ ಮೇಲೆ 300 ಡಿಗ್ರಿ ಮುಟ್ಟಿತ್ತು. ಸಿಕ್ಕಿಬಿದ್ದಿದ್ದ ಇಂಗಾಲದಲ್ಲಿ ಹೆಚ್ಚಿನ ಪಾಲು ಹರಳುಗಳನ್ನು ಬಿಟ್ಟು ಹೊರಬಂದಿತ್ತು, ಉಕ್ಕು ಮೆತ್ತಗಾಗಿತ್ತು. ನೀಲಿಯನ್ನು ಮರಳು ಕಾಗದದಿಂದ ಉಜ್ಜಿ ತೆಗೆದರೆ ಬಣ್ಣ ಹೋಗುತ್ತದೆಯೇ ಹೊರತು ಹದ ಮರಳುವುದಿಲ್ಲ.

ಉಕ್ಕಿನ ಹದ ಕನ್ನಡ ನಾಡಿಗೆ ಹೊಸತೇನಲ್ಲ. ದಕ್ಷಿಣ ಭಾರತದಿಂದ ಹೋದ ಉಕ್ಕಿನ ಗಟ್ಟಿಗಳನ್ನು ಯುರೋಪಿನವರು ‘ವೂಟ್ಜ್’ ಎಂದು ಕರೆದರು. ಈ ಮಾತು ಕನ್ನಡದ ‘ಉಕ್ಕು’ ಪದದಿಂದಲೇ ಬಂದಿತೆಂದು ಅನೇಕ ವಿದ್ವಾಂಸರ ಅಭಿಪ್ರಾಯ. ವಿದ್ಯುತ್ತಿನ ಪಾಠದಲ್ಲಿ ವಿದ್ಯಾರ್ಥಿಗಳಿಗೆ ಪರಿಚಯವಾಗುವ ಮೈಕೆಲ್ ಫ್ಯಾರಡೆ, ಅದಕ್ಕೂ ಮೊದಲು 1819ರಿಂದ ಕೆಲವು ವರ್ಷ ಈ ಉಕ್ಕಿನ ಗುಟ್ಟನ್ನು ಹುಡುಕಿದವನು. ಅವನ ಜೊತೆಗಾರ ಜೇಮ್ಸ್ ಸ್ಟೋಡಾರ್ಟ್ ಲಂಡನ್ನಿನಲ್ಲಿ ಚಾಕು ಮತ್ತು ಶಸ್ತ್ರಚಿಕಿತ್ಸೆಯ ಉಪಕರಣ ಮಾಡುವ ಕುಶಲಕರ್ಮಿ. ಹರಿತದ ಪ್ರಶ್ನೆ ದೊಡ್ಡ ವಿಜ್ಞಾನಿಗೂ ಸಣ್ಣದಾಗಿರಲಿಲ್ಲ.

ಲೆಕ್ಕ ಹೇಳುವ ಸತ್ಯ

ಬೆಂಚ್ ಗ್ರೈಂಡರ್ ಎಂದು ಮಾರಾಟವಾಗುವ ಸಾಮಾನ್ಯ ಒಣ ಯಂತ್ರದ ಚಕ್ರದ ವ್ಯಾಸ 150 ಮಿಲಿಮೀಟರ್, ಅಂದರೆ ಆರಂಗುಲ. ಅದು ನಿಮಿಷಕ್ಕೆ ಸುಮಾರು 2850 ಸುತ್ತು ತಿರುಗುತ್ತದೆ. ಪೈ ಗುಣಿಸು ವ್ಯಾಸ ಗುಣಿಸು ಸುತ್ತುಗಳ ಸಂಖ್ಯೆ, ಈ ಲೆಕ್ಕದಲ್ಲಿ ಚಕ್ರದ ಅಂಚಿನ ವೇಗ ಸೆಕೆಂಡಿಗೆ ಸುಮಾರು 22 ಮೀಟರ್. ಗಂಟೆಗೆ 80 ಕಿಲೋಮೀಟರ್ ಓಡುವ ಬಸ್ಸಿನ ವೇಗವದು. ನೀರಿನ ತೊಟ್ಟಿಯಲ್ಲಿ ಮುಳುಗೆದ್ದು ನಿಧಾನವಾಗಿ ತಿರುಗುವ ಸಾಣೆ ಯಂತ್ರದ ಚಕ್ರ 250 ಮಿಲಿಮೀಟರ್ ಇದ್ದು ನಿಮಿಷಕ್ಕೆ 90 ಸುತ್ತು ತಿರುಗಿದರೆ ಅಂಚಿನ ವೇಗ ಸೆಕೆಂಡಿಗೆ 1.2 ಮೀಟರ್. ಇದು ಮನುಷ್ಯ ನಡೆಯುವ ವೇಗ.

ಘರ್ಷಣೆಯಿಂದ ಹುಟ್ಟುವ ಶಾಖದ ದರ ಎಂದರೆ ಘರ್ಷಣ ಬಲ ಗುಣಿಸು ವೇಗ. ಬಲ 10 ನ್ಯೂಟನ್ ಇದ್ದರೆ ಒಣ ಚಕ್ರದಲ್ಲಿ ಹುಟ್ಟುವ ಶಾಖ 220 ವ್ಯಾಟ್, ನೀರಿನ ಚಕ್ರದಲ್ಲಿ ಬರೀ 12 ವ್ಯಾಟ್. ಒಣ ಚಕ್ರದ ಶಾಖದಲ್ಲಿ ಅರ್ಧ ಮಾತ್ರ ಅಲಗಿಗೆ ಸೇರಿತೆಂದು ಇಟ್ಟುಕೊಂಡರೂ, ತುದಿಯ 1 ಗ್ರಾಂ ಉಕ್ಕನ್ನು ಕೋಣೆಯ ಉಷ್ಣತೆಯಿಂದ 300 ಡಿಗ್ರಿಗೆ ಏರಿಸಲು ಒಂದು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಸಾಕು. ಅಂಚು ತೆಳುವಾದಷ್ಟೂ ಶಾಖ ಹಿಂದಕ್ಕೆ ಹರಿದು ಹೋಗುವ ದಾರಿ ಕಿರಿದು. ಹಾಗಾಗಿ ಹರಿತವಾಗಬೇಕಾದ ಭಾಗವೇ ಮೊದಲು ಸುಡುತ್ತದೆ.

ನೀರು ಇಲ್ಲಿ ಕಾವಲುಗಾರ. 1 ಗ್ರಾಂ ಉಕ್ಕಿನ ಉಷ್ಣತೆ ಒಂದು ಡಿಗ್ರಿ ಏರಲು ಅರ್ಧ ಜೂಲಿಗಿಂತ ಕಡಿಮೆ ಶಾಖ ಸಾಕು. 1 ಗ್ರಾಂ ನೀರಿಗೆ 4.2 ಜೂಲ್ ಬೇಕು. ಅದೇ ನೀರು ಆವಿಯಾಗಲು ಇನ್ನೂ 2260 ಜೂಲ್ ಕೇಳುತ್ತದೆ. ಅಂಚಿನ ಮೇಲೆ ನೀರು ಹರಿಯುತ್ತಿರುವವರೆಗೆ ಉಕ್ಕು ಹದ ಕೆಡುವ ಮಟ್ಟದ ಹತ್ತಿರಕ್ಕೂ ಸುಳಿಯುವುದಿಲ್ಲ.

ಒಣ ಚಕ್ರ ಯಾವುದಕ್ಕೂ ಬೇಡವೆಂದಲ್ಲ. ಲೋಹ ಕೊರೆಯುವ ಡ್ರಿಲ್ ಮುಳ್ಳುಗಳನ್ನು ಹೆಚ್ಚಾಗಿ ಹೈಸ್ಪೀಡ್ ಸ್ಟೀಲ್ ಎಂಬ ಬೇರೆ ಜಾತಿಯ ಉಕ್ಕಿನಲ್ಲಿ ಮಾಡುತ್ತಾರೆ. ಅದು ಸುಮಾರು 600 ಡಿಗ್ರಿಯವರೆಗೂ ಹದ ಬಿಡುವುದಿಲ್ಲ. ಉಳಿ, ಉಜ್ಜುಗೊರಡಿನ ಅಲಗು, ಅಡುಗೆಮನೆಯ ಚಾಕು, ಅಡಿಕೆ ಸುಲಿಯುವ ಮೆಟ್ಟುಗತ್ತಿಗಳಿಗೆ ಆ ಸಹನೆ ಇಲ್ಲ.

ಅಂಗಡಿಯಲ್ಲಿ ಏನು ನೋಡಬೇಕು?

ಚೀಟಿ ಎತ್ತಿದ ಹಣ ಹಿಡಿದು ಅಪ್ಪ, ಮಕ್ಕಳು ಪೇಟೆಗೆ ಹೋದರೆ ಮೊದಲು ಎದುರಾಗುವುದು ಹೆಸರಿನ ಗೊಂದಲ. ‘ವೆಟ್ ಗ್ರೈಂಡರ್ ಕೊಡಿ’ ಎಂದರೆ ಅಂಗಡಿಯವರು ಕೊಯಮತ್ತೂರಿನ ದೋಸೆಹಿಟ್ಟು ರುಬ್ಬುವ ಯಂತ್ರವನ್ನೇ ಮುಂದಿಡುತ್ತಾರೆ. ‘ಉಳಿ, ಚಾಕು ಸಾಣೆ ಹಿಡಿಯಲು ನೀರಿನ ತೊಟ್ಟಿಯಿರುವ, ನಿಧಾನ ತಿರುಗುವ ಯಂತ್ರ’ ಎಂದು ಬಿಡಿಸಿ ಹೇಳಬೇಕು. ಇಂಥ ಯಂತ್ರಕ್ಕೆ ಹೆಸರು ತಂದದ್ದು 1973ರಲ್ಲಿ ಆರಂಭವಾದ ಸ್ವೀಡನ್ನಿನ ಟಾರ್ಮೆಕ್ ಕಂಪನಿ. ಅದರ ಬೆಲೆ ಸಾಮಾನ್ಯ ಬಡಗಿಯ ಕೈಗೆ ಎಟುಕುವಂಥದ್ದಲ್ಲ. ಅದೇ ಮಾದರಿಯ ಅಗ್ಗದ ಯಂತ್ರಗಳೂ ಸಿಗುತ್ತವೆ. ಅಗ್ಗದ್ದೆಲ್ಲ ಕೆಟ್ಟದ್ದಲ್ಲ. ಆದರೆ ಆರು ಸಂಗತಿಗಳನ್ನು ಪರೀಕ್ಷಿಸದೆ ಹಣ ಎಣಿಸಬಾರದು.

ಮೊದಲನೆಯದು ವೇಗ. ಯಂತ್ರದ ಬೆನ್ನಿಗೆ ಅಂಟಿಸಿದ ಚೀಟಿಯಲ್ಲಿ ನಿಮಿಷಕ್ಕೆ ಎಷ್ಟು ಸುತ್ತು ಎಂದು ಬರೆದಿರುತ್ತದೆ. 200 ಮಿಲಿಮೀಟರ್ ಚಕ್ರಕ್ಕೆ 120ರ ಆಸುಪಾಸು, 250ಕ್ಕೆ 90ರ ಆಸುಪಾಸು ಸರಿ. ಎಷ್ಟೋ ಬೆಂಚ್ ಗ್ರೈಂಡರುಗಳ ಮುಂದೆ ಒಂದು ಪುಟ್ಟ ನೀರಿನ ಬಟ್ಟಲು ಇರುತ್ತದೆ. ಅದು ಅಲಗನ್ನು ಆಗಾಗ ಅದ್ದುವುದಕ್ಕೆ ಮಾತ್ರ. ಚಕ್ರ ಒಣಗಿಯೇ ಇರುತ್ತದೆ. ಬಟ್ಟಲು ಕಂಡು ಮೋಸ ಹೋಗಬಾರದು.

ಎರಡನೆಯದು ಚಕ್ರದ ನೇರ. ಯಂತ್ರವನ್ನು ಅಂಗಡಿಯಲ್ಲೇ ನಡೆಸಿ, ಚಕ್ರದ ಪಕ್ಕಕ್ಕೆ ತಾಗದಂತೆ ಒಂದು ಪೆನ್ಸಿಲನ್ನು ಸ್ಥಿರವಾಗಿ ಹಿಡಿದು ನೋಡಬೇಕು. ನಡುವಿನ ಸಂದು ಹಿಗ್ಗಿ ಕುಗ್ಗಿದರೆ ಚಕ್ರ ಅಡ್ಡಡ್ಡ ಓಲಾಡುತ್ತಿದೆ ಎಂದರ್ಥ. ಕಲ್ಲಿನ ಅಂಚು ತುಸು ಏರುಪೇರಾಗಿದ್ದರೆ ಮನೆಯಲ್ಲಿ ಸಮ ಮಾಡಿಕೊಳ್ಳಬಹುದು. ಅಕ್ಷದಂಡವೇ ಬಾಗಿದ್ದರೆ ಮಾಡುವುದೇನೂ ಇಲ್ಲ.

ಮೂರನೆಯದು ಆನಿಕೆಯ ಸರಳು. ಕೋನವನ್ನು ಕಾಯುವುದು ಇದೇ. ಬಿಗಿ ಮಾಡಿದ ಮೇಲೆ ಕೈಯಿಂದ ಒತ್ತಿದರೆ ಅಲುಗಬಾರದು. 12 ಮಿಲಿಮೀಟರ್ ದಪ್ಪದ್ದಾದರೆ, ಅಲಗು ಹಿಡಿಯುವ ಹೆಚ್ಚುವರಿ ಹಿಡಿಕೆಗಳನ್ನು ಮುಂದೆ ಬೇಕಾದಾಗ ಕೂಡಿಸಿಕೊಳ್ಳುವುದು ಸುಲಭ.

ನಾಲ್ಕನೆಯದು ಮೋಟಾರಿನ ತಾಳಿಕೆ. ಚೀಟಿಯಲ್ಲಿ ‘ಎಸ್1’ ಎಂದಿದ್ದರೆ ಎಡೆಬಿಡದೆ ನಡೆಸಬಹುದು. ‘ಎಸ್2, 30 ನಿಮಿಷ’ ಎಂದಿದ್ದರೆ ಅರ್ಧ ಗಂಟೆ ಓಡಿಸಿ ಆಮೇಲೆ ಪೂರ್ತಿ ತಣಿಯಲು ಬಿಡಬೇಕು. ಮನೆಗೆಲಸಕ್ಕೆ ಎರಡನೆಯದು ಸಾಕು. ದಿನವಿಡೀ ಸಾಣೆ ಹಿಡಿಯುವ ಅಂಗಡಿಗೆ ಸಾಲದು.

ಐದನೆಯದು ಬದಲಿ ಚಕ್ರ. ಸಾಣೆ ಕಲ್ಲು ಸವೆಯಲೇಬೇಕು. ಹೊಸ ಕಣಗಳು ಹೊರಬರುವುದೇ ಹಾಗೆ. ಅದೇ ಅಳತೆಯ, ಅದೇ ನಡುತೂತಿನ ಚಕ್ರ ಮತ್ತೆ ಸಿಗುವುದೇ ಎಂದು ಮೊದಲೇ ಕೇಳಬೇಕು. ಸಿಗದಿದ್ದರೆ ಅಗ್ಗದ ಯಂತ್ರ ಕೆಲವೇ ವರ್ಷಗಳಲ್ಲಿ ಅಟ್ಟ ಸೇರುತ್ತದೆ.

ಆರನೆಯದು ವಿದ್ಯುತ್ ಸುರಕ್ಷತೆ. ನೀರು, ಕರೆಂಟು ಎರಡೂ ಒಂದೆಡೆ ಸೇರುವ ಯಂತ್ರವಿದು. ಮೂರು ಪಿನ್ನಿನ ಪ್ಲಗ್ ಇರಬೇಕು, ಮನೆಯ ಸಾಕೆಟ್ಟಿನಲ್ಲಿ ಅರ್ಥಿಂಗ್ ನಿಜವಾಗಿಯೂ ಇರಬೇಕು. ಸೋರಿಕೆ ಕಂಡೊಡನೆ ಕರೆಂಟು ಕಡಿಯುವ ಇ.ಎಲ್.ಸಿ.ಬಿ. ಅಥವಾ ಆರ್.ಸಿ.ಸಿ.ಬಿ. ಇದ್ದರೆ ಇನ್ನೂ ಮೇಲು.

ಕಲ್ಲಿನ ಸಂಖ್ಯೆ

ಸಾಣೆ ಚಕ್ರದ ಮೇಲೆ 120, 220, 1000 ಎಂಬ ಸಂಖ್ಯೆಗಳಿರುತ್ತವೆ. ಒಂದಂಗುಲ ಉದ್ದಕ್ಕೆ ಎಷ್ಟು ಕಣ್ಣುಗಳಿರುವ ಜರಡಿಯಲ್ಲಿ ಆ ಪುಡಿ ಇಳಿಯಿತು ಎಂಬುದರಿಂದ ಈ ಎಣಿಕೆ ಹುಟ್ಟಿತು. ಸಂಖ್ಯೆ ದೊಡ್ಡದಾದಷ್ಟೂ ಕಣ ಸಣ್ಣದು. ಮುಕ್ಕಾದ ಅಲಗಿಗೆ 120, ಸಾಮಾನ್ಯ ಸಾಣೆಗೆ 220, ನಯಕ್ಕೆ 1000 ಎಂದು ನೆನಪಿಟ್ಟುಕೊಂಡರೆ ಆಯಿತು.

ಚಕ್ರದ ಕಣಗಳು ಹೆಚ್ಚಾಗಿ ಅಲ್ಯುಮಿನಿಯಂ ಆಕ್ಸೈಡ್. ಇದರ ಸಹಜ ರೂಪವೇ ಕುರುವಿಂದ. ಇಂಗ್ಲಿಷಿನ ‘ಕೊರಂಡಮ್’ ಎಂಬ ಹೆಸರಿಗೂ ನಮ್ಮ ದೇಶದ ಈ ಮಾತೇ ಮೂಲ. ಇನ್ನೊಂದು ಬಗೆ ಸಿಲಿಕಾನ್ ಕಾರ್ಬೈಡ್. ಅಮೆರಿಕದ ಎಡ್ವರ್ಡ್ ಅಚೆಸನ್ 1891ರಲ್ಲಿ ವಿದ್ಯುತ್ ಕುಲುಮೆಯಲ್ಲಿ ಇದನ್ನು ಪಡೆದಾಗ, ಇಂಗಾಲವೂ ಕೊರಂಡಮ್ಮೂ ಸೇರಿದ ವಸ್ತುವೆಂದು ತಪ್ಪು ತಿಳಿದು ‘ಕಾರ್ಬೊರಂಡಮ್’ ಎಂದು ಹೆಸರಿಟ್ಟ. ತಪ್ಪು ತಿಳಿವಳಿಕೆಯ ಆ ಹೆಸರೇ ಇಂದಿಗೂ ಅಂಗಡಿಗಳಲ್ಲಿ ನಿಂತಿದೆ.

ಧೂಳಿನ ಬೆಲೆ

ನೀರಿನ ಪರವಾಗಿ ಇನ್ನೊಂದು ಸಾಕ್ಷಿಯಿದೆ, ಅದು ದುಃಖದ್ದು. ಚಾಕು, ಕತ್ತರಿಗಳಿಗೆ ಹೆಸರಾದ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ 19ನೇ ಶತಮಾನದಲ್ಲಿ ಸಾವಿರಾರು ಮಂದಿ ಮರಳುಗಲ್ಲಿನ ಚಕ್ರಗಳ ಮುಂದೆ ಬಾಗಿ ಕುಳಿತು ಸಾಣೆ ಹಿಡಿಯುತ್ತಿದ್ದರು. ಕಲ್ಲಿನ ಸಿಲಿಕಾ ಧೂಳು ಶ್ವಾಸಕೋಶ ಸೇರಿ ಕೆಮ್ಮು, ಏದುಸಿರು, ಕೊನೆಗೆ ಸಾವು. ಫ್ರೆಡರಿಕ್ ಎಂಗಲ್ಸ್ 1845ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಆ ಊರಿನ ವೈದ್ಯ ಡಾ. ನೈಟ್ ನೀಡಿದ ಲೆಕ್ಕ ದಾಖಲಾಗಿದೆ. ಅದರ ಪ್ರಕಾರ ಒಣ ಚಕ್ರದಲ್ಲಿ ಕೆಲಸ ಮಾಡುವವರ ಸರಾಸರಿ ಆಯಸ್ಸು 35 ವರ್ಷ ಮುಟ್ಟುವುದೂ ಕಷ್ಟ. ನೀರಿನ ಚಕ್ರದವರದು 45 ದಾಟುವುದು ಅಪರೂಪ. ನೀರು ಅವರನ್ನು ಪೂರ್ತಿ ಕಾಪಾಡಲಿಲ್ಲ, ಆದರೆ ಸುಮಾರು ಹತ್ತು ವರ್ಷಗಳ ವ್ಯತ್ಯಾಸ ಉಂಟುಮಾಡಿತು.

ಇಂದಿನ ಕೃತಕ ಚಕ್ರಗಳಲ್ಲಿ ಆ ಮರಳುಗಲ್ಲು ಇಲ್ಲ. ಆದರೂ ಲೋಹದ, ಕಲ್ಲಿನ ನುಣ್ಣನೆಯ ಪುಡಿ ಉಸಿರಿಗೆ ಒಳ್ಳೆಯದಲ್ಲ. ಸೈಕಲ್ಲಿಗೆ ಚಕ್ರ ಕಟ್ಟಿಕೊಂಡು ‘ಸಾಣೆ, ಸಾಣೆ’ ಎಂದು ಕೂಗುತ್ತ ಬರುವವರ ಎದುರು ಮಕ್ಕಳು ಕಿಡಿ ನೋಡಲು ಮುಖ ಒಡ್ಡಿ ನಿಲ್ಲುವುದುಂಟು. ಹಿರಿಯರು ಅವರನ್ನು ಹಿಂದಕ್ಕೆ ಸರಿಸಬೇಕು. ನೀರಿನ ಯಂತ್ರದ ತೊಟ್ಟಿಯ ಕೆಸರು ಒಣಗುವ ಮೊದಲೇ ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಒಣಗಿದ ಮೇಲೆ ಗುಡಿಸಿದರೆ ಧೂಳು ಮತ್ತೆ ಗಾಳಿಗೇ ಏರುತ್ತದೆ.

ಯಾವ ಯಂತ್ರವೇ ಆಗಲಿ, ಕಣ್ಣಿಗೆ ಕನ್ನಡಕ ಬೇಕೇಬೇಕು. ಸೆರಗು, ದುಪಟ್ಟಾ, ಜಡೆ, ಸಡಿಲ ತೋಳು, ಕೈಚೀಲ ಇವು ತಿರುಗುವ ಚಕ್ರದ ಹತ್ತಿರ ಸುಳಿಯಬಾರದು. ಒಣ ಯಂತ್ರಕ್ಕೆ ಹೊಸ ಚಕ್ರ ಕೂಡಿಸುವ ಮೊದಲು ಅದನ್ನು ಬೆರಳಿನಲ್ಲಿ ತೂಗುಹಾಕಿ ಮರದ ಹಿಡಿಯಿಂದ ಮೆಲ್ಲಗೆ ತಟ್ಟಬೇಕು. ‘ಠಣ್’ ಎಂದರೆ ಗಟ್ಟಿ; ‘ಡಬ್’ ಎಂದರೆ ಒಳಗೆ ಬಿರುಕು. ಸಂತೆಯಲ್ಲಿ ಮಡಕೆ ಕೊಳ್ಳುವ ಅಜ್ಜಿಯರಿಗೆ ಈ ಪರೀಕ್ಷೆ ಎಂದಿನಿಂದಲೂ ಗೊತ್ತು. ಕೆಲಸ ಮುಗಿದ ಮೇಲೆ ನೀರಿನ ಯಂತ್ರದ ತೊಟ್ಟಿಯನ್ನು ಖಾಲಿ ಮಾಡಬೇಕು. ಚಕ್ರ ಅರ್ಧ ನೆನೆದು ನಿಂತರೆ ಒಂದು ಬದಿ ಭಾರವಾಗಿ ಓಲಾಡುತ್ತದೆ.

ಎಲ್ಲರಿಗೂ ಯಂತ್ರ ಬೇಕೆ?

ಬೇಡ. ಮನೆಯಲ್ಲಿ ಎರಡು ಚಾಕು, ಒಂದು ಈಳಿಗೆಮಣೆ ಮಾತ್ರ ಇದ್ದರೆ ಯಂತ್ರಕ್ಕೆ ಸಾವಿರಾರು ರೂಪಾಯಿ ಸುರಿಯಬೇಕಾಗಿಲ್ಲ. ಒಂದು ಬದಿ ದೊರಗು, ಇನ್ನೊಂದು ಬದಿ ನಯವಿರುವ ಚಪ್ಪಟೆ ಕಲ್ಲು ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಕೈಯಿಂದ ಮಸೆಯುವಾಗ ವೇಗವೂ ಕಡಿಮೆ, ಶಾಖವೂ ಕಡಿಮೆ. ನೀರು ಹನಿಸಿದರೆ ಸಾಕು. ಬೇಕಾದದ್ದು ಕೋನದ ಮೇಲೆ ಹಿಡಿತ. ಅಡುಗೆ ಚಾಕುವಿಗೆ ಪ್ರತಿ ಬದಿಗೆ 15ರಿಂದ 20 ಡಿಗ್ರಿ, ಉಳಿಗೆ ಒಂದೇ ಬದಿಯಲ್ಲಿ 25ರಿಂದ 30 ಡಿಗ್ರಿ ಸರಿಯಾದ ಅಳತೆ.

ಕೋನಮಾಪಕವಿಲ್ಲದೆ ಇದನ್ನು ಅಳೆಯುವುದು ಹೇಗೆ? ತ್ರಿಕೋನಮಿತಿ ಓದುವ ಮಕ್ಕಳಿಗೆ ಇದೊಂದು ಒಳ್ಳೆಯ ಲೆಕ್ಕ. ಚಾಕುವಿನ ಅಗಲ 40 ಮಿಲಿಮೀಟರ್ ಇದ್ದರೆ, 15 ಡಿಗ್ರಿಯ ಸೈನ್ 0.26. ಎರಡನ್ನೂ ಗುಣಿಸಿದರೆ ಸುಮಾರು 10. ಅಂದರೆ ಚಾಕುವಿನ ಬೆನ್ನನ್ನು ಕಲ್ಲಿನಿಂದ 10 ಮಿಲಿಮೀಟರ್ ಎತ್ತಿ ಹಿಡಿಯಬೇಕು. 20 ಡಿಗ್ರಿಗಾದರೆ 14 ಮಿಲಿಮೀಟರ್. ಒಂದು ಬದಿ ಮಸೆಯುತ್ತ ಹೋದಂತೆ ಎದುರು ಬದಿಗೆ ತೆಳುವಾದ ಅಂಚು ಮಗುಚಿಕೊಳ್ಳುತ್ತದೆ. ಆಗ ಬದಿ ಬದಲಿಸಬೇಕು. ಕೊನೆಗೆ ಆ ತೆಳು ಅಂಚನ್ನು ಹಳೆಯ ಚರ್ಮದ ಬೆಲ್ಟಿನ ಮೇಲೆ ಹಿಂದಕ್ಕೆಳೆದು ತೆಗೆಯಬೇಕು. ಕ್ಷೌರದಂಗಡಿಯಲ್ಲಿ ಹಿಂದೆಲ್ಲ ಚರ್ಮದ ಪಟ್ಟಿಯ ಮೇಲೆ ಕತ್ತಿ ಆಡಿಸುತ್ತಿದ್ದದ್ದು ಇದಕ್ಕೇ. ಅಂಚನ್ನು ಎಂದೂ ಮುಂದಕ್ಕೆ ತಳ್ಳಬಾರದು, ಚರ್ಮ ಸೀಳುತ್ತದೆ.

ಇಷ್ಟೆಲ್ಲ ಶ್ರಮ ಯಾತಕ್ಕೆ ಎನ್ನುವವರಿಗೆ ಒತ್ತಡದ ಪಾಠ ಉತ್ತರ ಹೇಳುತ್ತದೆ. ಒತ್ತಡ ಎಂದರೆ ಬಲ ಭಾಗಿಸು ವಿಸ್ತೀರ್ಣ. ಮೊಂಡಾದ ಅಂಚಿನ ದಪ್ಪ 50 ಮೈಕ್ರಾನ್, ಹರಿತವಾದದ್ದು 1 ಮೈಕ್ರಾನ್ ಎಂದಿಟ್ಟುಕೊಂಡರೆ, ಅದೇ ಕೈಬಲಕ್ಕೆ ಒತ್ತಡ 50 ಪಟ್ಟು ಹೆಚ್ಚುತ್ತದೆ. ಮೊಂಡು ಚಾಕುವಿಗೆ ಬಲ ಹಾಕಿ ಒತ್ತಬೇಕು. ಒತ್ತಿದಾಗ ಅದು ಕುಂಬಳಕಾಯಿಯ ಮೇಲೆ ಜಾರಿ ಬೆರಳಿಗೆ ಬರುತ್ತದೆ. ಹರಿತವಾದ ಚಾಕುವೇ ಸುರಕ್ಷಿತ ಎಂಬ ಮಾತು ವಿಚಿತ್ರವೆನಿಸಿದರೂ ನಿಜ.

ಮಾಡಿ ನೋಡಿ: ಹಳೆಯ ಹ್ಯಾಕ್‌ಸಾ ಅಲಗಿನ ಅಥವಾ ಮುರಿದ ಸ್ಪ್ರಿಂಗ್ ಪಟ್ಟಿಯ ತುಂಡನ್ನು ಮರಳು ಕಾಗದದಿಂದ ಉಜ್ಜಿ ಹೊಳಪು ಬರಿಸಿ. ಹಿರಿಯರೊಬ್ಬರು ಜೊತೆಗಿರಲಿ. ಇಕ್ಕಳದಲ್ಲಿ ಹಿಡಿದು ಒಂದು ತುದಿಯನ್ನು ಮಾತ್ರ ಸ್ಪಿರಿಟ್ ದೀಪದ ಜ್ವಾಲೆಯಲ್ಲಿ ಕಾಯಿಸಿ. ಒಣಹುಲ್ಲು, ಕಂದು, ನೇರಳೆ, ನೀಲಿ ಬಣ್ಣಗಳು ಸಾಲಾಗಿ ಹಿಂದಕ್ಕೆ ಸರಿಯುತ್ತ ಹೋಗುವುದನ್ನು ನೋಡಿ. ತುಂಡು ಪೂರ್ತಿ ತಣಿದ ಮೇಲೆಯೇ ಮುಟ್ಟಿ.

ಇನ್ನು ಅಜ್ಜನ ಉಳಿಯ ಕಥೆ. ಇಂಥ ಮನೆಯ ಅಪ್ಪ, ದಿನವೂ ಹತ್ತಾರು ಉಳಿ, ಅಲಗುಗಳ ಕೆಲಸವಿರುವವರು, 200 ಮಿಲಿಮೀಟರ್ ಚಕ್ರದ ಸಾಧಾರಣ ಯಂತ್ರ ಕೊಂಡರೆ ಅದು ದುಂದಲ್ಲ. ಆದರೆ ಮಗಳು ಯಂತ್ರದ ಬೆನ್ನಿನ ಚೀಟಿ ಓದಿ ಲೆಕ್ಕ ಹಾಕಿದ ಮೇಲೆಯೇ ಹಣ ಎಣಿಸಬೇಕು. ನೀಲಿಯಾದದ್ದು ತುದಿಯ ಮೂರು ನಾಲ್ಕು ಮಿಲಿಮೀಟರ್ ಮಾತ್ರ. ನೀರಿನ ಚಕ್ರದಲ್ಲಿ ನಿಧಾನವಾಗಿ ಅಷ್ಟನ್ನು ಸವೆಸಿದರೆ ಒಳಗಿನ ಹದವಾದ ಉಕ್ಕು ಸಿಗುತ್ತದೆ. ಎರಡು ನಿಮಿಷದಲ್ಲಿ ಕೆಟ್ಟದ್ದನ್ನು ಸರಿಪಡಿಸಲು ಒಂದು ಇಡೀ ಸಂಜೆ ಬೇಕಾದೀತು. ಆ ಸಂಜೆ ಚಕ್ರದ ಮುಂದೆ ಕೂರಬೇಕಾದವನು ಮಗನೇ. ಉಳಿಯ ಜೊತೆಗೆ ಅವನ ಕೈಗೂ ಹದ ಬರುತ್ತದೆ.